ವಿಮಾನ ಕಂಡಾಗ ಕರೆದ ಹೆಸರು

ಸೊಸೆ ದೀಪಾಲಿಯ ಫೋನು ಬಂದಾಗ ನಾನು ಅಕ್ಕಲಕೋಟೆಯಲ್ಲಿ, ಸ್ವಾಮಿ ಸಮರ್ಥರ ಸನ್ನಿಧಿಯಲ್ಲಿ ಕೈಮುಗಿದು ನಿಂತಿದ್ದೆ. “ಮಾವಾರ, ಅತ್ತಿಯಾರು ಹೋದ್ರು,” ಎಂದಳು. ಸೋಲಾಪುರದ ಆಸ್ಪತ್ರೆಯಿಂದ ನನ್ನನ್ನು ಇಲ್ಲಿಗೆ ಕಳಿಸಿದವಳೇ ಹೋದಳು. ನನ್ನ ಹೆಂಡತಿ, ಉಮಾಬಾಯಿ.

ಎರಡು ತಿಂಗಳಿಂದ ಆಕೆಗೆ ಉಸಿರಿನ ಬೇನೆ. ಬೇಸರ ಕಳೆಯಲೆಂದು ಮಗ ಟ್ಯಾಬಿನಲ್ಲಿ ಒಂದು ಸಬ್‌ಮರೀನ್ ಆಟ ಹಾಕಿಕೊಟ್ಟಿದ್ದ. ಗಾಳಿಗಾಗಿ, ಬ್ಯಾಟರಿಗಾಗಿ ನಮ್ಮ ಹಡಗು ನೀರಿನ ಮೇಲೆ ಬರಲೇಬೇಕು. ಬಂದರೆ ವೈರಿಯ ವಿಮಾನಗಳು ಗಸ್ತು ತಿರುಗುತ್ತಿರುತ್ತವೆ; ಕಂಡೊಡನೆ ಮುಳುಗಬೇಕು. ನಡೆಸುವವನು ನಾನು. ಮುಗಿಲು ಕಾಯುವವಳು ಆಕೆ. ಆಸ್ಪತ್ರೆಯ ಮಂಚದ ಅಂಚಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತಾಗ, ಮದುವೆಯಾದ ನಲವತ್ತೆರಡು ವರ್ಷಗಳಲ್ಲಿ ಎಂದೂ ಇಲ್ಲದಷ್ಟು ಹತ್ತಿರವಿದ್ದೆವು.

ಆದರೆ ದಿನಾಲೂ ಸೋಲುತ್ತಿದ್ದೆವು. ವಿಮಾನ ಕಂಡರೆ ಆಕೆ “ಏನ್ರೀ” ಎನ್ನುವಳು. ನೀರು ಬೇಕೇನೋ ಎಂದು ನಾನು ತಂಬಿಗೆಯತ್ತ ಕೈಚಾಚುವೆ. ಅಷ್ಟರಲ್ಲಿ ಬಾಂಬು.

“ಹೆಸರು ಹಿಡಿದು ಕರಿ. ವಿಮಾನ ಬಂತಂತ ತಿಳಕೋತೀನಿ,” ಎಂದೆ.

“ಗಂಡನ ಹೆಸರು ತಗೊಂಡ್ರ ಅವನ ಆಯುಷ್ಯ ಕಡಿಮಿ ಆಗ್ತದ. ಬಾಂಬ್ ಬಿದ್ರ ಬೀಳ್ಲಿ.” ಓರೆಗಣ್ಣಿನಿಂದ ನೋಡಿ ನಕ್ಕಳು. “ನಲವತ್ತೆರಡು ವರ್ಷ ಕಾದೀರಿ. ಇನ್ನೂ ಆಸೆ ಹೋಗಿಲ್ಲೇನು?”

ಹೋಗಿರಲಿಲ್ಲ. ಆಕೆಯ ಬಾಯಲ್ಲಿ ನನ್ನ ಹೆಸರು ಒಮ್ಮೆ ಕೇಳಬೇಕಿತ್ತು. ದಿನಗಳು ಹೆಚ್ಚಿಲ್ಲವೆಂದು ಡಾಕ್ಟರು ನನಗೊಬ್ಬನಿಗೇ ಹೇಳಿದ್ದರು.

ಬುಧವಾರ ಸಂಜೆ ಆಕೆಯ ಉಸಿರು ಕುಗ್ಗಿತು. ಆದರೂ ಆಟ ಬೇಕೆಂದಳು. ಹಡಗು ಮೇಲೆ ಬಂದಿತ್ತು. ನಾನು ಪರದೆ ಬಿಟ್ಟು ಆಕೆಯ ಮುಖವನ್ನೇ ನೋಡುತ್ತಿದ್ದೆ. ಆಕೆ ಮೂಗಿನ ನಳಿಕೆ ಸರಿಸಿ ನನ್ನ ಮುಂಗೈ ಹಿಡಿದಳು.

“ಸಾತಲಿಂಗಪ್ಪ.”

ನನ್ನ ಹೆಸರು! ಪರದೆಯ ಮೇಲೆ ಮೂರು ವಿಮಾನಗಳು. ಹಡಗನ್ನು ಆಳಕ್ಕೆ ಇಳಿಸಿದೆ. ಬಾಂಬುಗಳು ಮೇಲೆಯೇ ಸಿಡಿದವು, ನಾವು ಉಳಿದೆವು. ನಾನು ಅಳುತ್ತಿದ್ದೆ. ಆಕೆಯೂ.

“ನಿಮ್ಮ ಮ್ಯಾಲ ಭಾಳ ಜೀವ ಅದರೀ,” ಎಂದಳು. “ಅದಕ್ಕ ಬಾಯಿ ಜಾರಿತು. ನಾಳೆ ಅಕ್ಕಲಕೋಟಿಗೆ ಹೋಗ್ರಿ. ಕಾಯಿ ಒಡಸಿ ನಿಮ್ಮ ಆಯುಷ್ಯ ಬೇಡಕೊಂಡ ಬರ್ರಿ.”

ನಿನ್ನನ್ನು ಬಿಟ್ಟು ಹೋಗಲಾರೆ ಎಂದೆ. ಹೋಗದಿದ್ದರೆ ಮಾತ್ರೆ ನುಂಗುವುದಿಲ್ಲವೆಂದು ಹಟ ಹಿಡಿದಳು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಕಾಯಿ ಒಡೆಸಿದೆ. ಆದರೆ ನನ್ನ ಆಯುಷ್ಯ ಕೇಳಲಿಲ್ಲ. ಇದ್ದುದನ್ನೂ ಆಕೆಗೆ ಕೊಡು ಎಂದು ಬೇಡುತ್ತ ನಿಂತಾಗಲೇ ಆ ಫೋನು ಬಂದದ್ದು.

ಸ್ವಾಮಿ, ನಾನು ಬೇಡಿದ್ದನ್ನು ನೀನು ಕೊಡಲಿಲ್ಲ. ಮುನಿಸಿಲ್ಲ. ಆಕೆಯ ಮಾತು ಮೀರಿದ ತಪ್ಪು ನನ್ನದು. ಉಮಾಬಾಯಿ ಬಹಳ ದಣಿದಿದ್ದಾಳೆ. ಆಕೆಯನ್ನು ನಿನ್ನ ಪಾದದ ಹತ್ತಿರ ಕೂಡಿಸಿಕೋ. ಆ ಜೀವಕ್ಕೆ ಶಾಂತಿ ಕೊಡು.