ತುಸು ಇಳಿದ ಬಾಗಿಲು

"ಈ ಕಾರನ್ನ ಕಪಾಟಿನಿಂದ ಕೆಳಗಿಳಿಸಿದ್ದು ನೀವೇನಾ?"

ಅವಳು ಭೂತಗನ್ನಡಿಯಿಂದ ಕಣ್ಣು ತೆಗೆದು ತಲೆಯೆತ್ತಿದಳು. ಎದುರಿಗೆ ನಿಂತವನ ಅಂಗೈಗಳ ಮೇಲೆ ಒಂದು ಪುಟ್ಟ ನೀಲಿ ಕಾರಿತ್ತು. ಎಳೆಗೂಸನ್ನು ಹಿಡಿದವನ ಹಾಗೆ ಹಿಡಿದಿದ್ದ. ದನಿ ಏರಿರಲಿಲ್ಲ. ಆದರೆ ಆ ಕಣ್ಣುಗಳಲ್ಲಿದ್ದದ್ದು ಸಿಟ್ಟೋ, ನೋವೋ... ಅವಳಿಗೆ ತಿಳಿಯಲಿಲ್ಲ.

"ಹೌದು, ನಾನೇ."

ಮಾದರಿ ಕಾರುಗಳನ್ನು ಸಂಗ್ರಹಿಸುವವರ ವಾರ್ಷಿಕ ಪ್ರದರ್ಶನ ಅದು. ಬೊಗಸೆಯಲ್ಲಿ ಹಿಡಿಸುವಷ್ಟಕ್ಕೆ ಕುಗ್ಗಿಸಿ ಮಾಡಿದ ಕಾರುಗಳು ಸಭಾಂಗಣದ ತುಂಬ ಗಾಜಿನ ಕಪಾಟುಗಳಲ್ಲಿ ಸಾಲಾಗಿ ನಿಂತಿದ್ದವು. ಯಾವುದು ಅಸಲಿ ಕಾರಿಗೆ ಎಷ್ಟು ಹತ್ತಿರವಿದೆ ಎಂದು ಅಳೆದು ಹೇಳುವುದು, ತಪ್ಪಿದ್ದದ್ದನ್ನು ಕಪಾಟಿನಿಂದ ಇಳಿಸುವುದು ಅವಳ ಕೆಲಸ. ಸಂಗ್ರಾಹಕರ ಮಾಸಪತ್ರಿಕೆಯಲ್ಲಿ ಬರುವ ಅವಳ ವಿಮರ್ಶೆಗೆ ದೊಡ್ಡ ತಯಾರಕರೂ ಹೆದರುತ್ತಿದ್ದರು. ಬಣ್ಣ ಕೂದಲೆಳೆಯಷ್ಟು ದಪ್ಪವಾಗಿದ್ದರೂ, ವೈಪರಿನ ಕಡ್ಡಿ ಒಂಚೂರು ಓರೆಯಾಗಿದ್ದರೂ ಅವಳ ಕಣ್ಣಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಅವಳನ್ನು ಸೂಜಿಗಣ್ಣಿ ಎನ್ನುತ್ತಿದ್ದರು.

ಬೇಸರವಾಗುತ್ತದೆಯೇ ಎಂದು ಯಾರಾದರೂ ಕೇಳಿದ್ದರೆ ಇಲ್ಲ ಎನ್ನುತ್ತಿದ್ದಳು. ಯಾರೂ ಕೇಳಿರಲಿಲ್ಲ.

ತಪ್ಪೆಲ್ಲಿದೆ ತೋರಿಸಿ ಎಂದ ಅವನು. ಅವಳು ಕಾರನ್ನು ದೀಪದಡಿ ಇಟ್ಟುಕೊಂಡಳು. ಹೆಡ್‌ಲೈಟಿನ ಗಾಜಿನೊಳಗಿನ ಸಣ್ಣ ಗೆರೆಗಳು, ಸೀಟಿನ ಹೊಲಿಗೆ, ಮೀಟರಿನೊಳಗಿನ ಮುಳ್ಳು... ಇಷ್ಟು ನಾಜೂಕಿನ ಕೈಕೆಲಸವನ್ನು ತಾನು ನೋಡಿದ್ದೇ ಅಪರೂಪ ಎಂದು ಮೊದಲು ಒಪ್ಪಿಕೊಂಡಳು. ಟೈರಿನ ಗೆರೆಗಳು ಆ ಕಾಲದವಲ್ಲ ಎಂದಾಗ ಅವನು ಬಗ್ಗಿ ನೋಡಿ, ನಿಜ, ತಿದ್ದುತ್ತೇನೆ ಎಂದ. ಕೊನೆಗೆ ಅವಳು ಸಂದು ಅಳೆಯುವ ಇಕ್ಕಳದಂಥ ಕ್ಯಾಲಿಪರಿನ ಮೊನೆಯನ್ನು ಚಾಲಕನ ಬಾಗಿಲಿನ ಸಂದಿಗೆ ಇಟ್ಟಳು. ಮೇಲಿನ ಸಂದು ಅಗಲ, ಕೆಳಗಿನದು ಕಿರಿದು. ಬಾಗಿಲು ಹಿಂತುದಿಯಲ್ಲಿ ತುಸು ಇಳಿದಿತ್ತು.

"ಅದು ತಪ್ಪಲ್ಲ," ಎಂದ ಅವನು. "ಅದು ಹಾಗೇ ಇರಬೇಕು."

"ಕಾರ್ಖಾನೆಯ ನಕ್ಷೆ ನನ್ನ ಹತ್ರ ಇದೆ. ಇಂಥ ಬಾಗಿಲಿನ ಕಾರು ಅಲ್ಲಿಂದ ಯಾವತ್ತೂ ಹೊರಗೆ ಬಂದಿಲ್ಲ."

"ಬಂದಾಗ ಹೀಗಿರಲಿಲ್ಲ, ಆಮೇಲೆ ಹೀಗಾಯ್ತು. ಆ ಕಾರು ನಮ್ಮನೆ ಶೆಡ್ಡಿನಲ್ಲೇ ನಿಂತಿದೆ. ಭಾನುವಾರ ಬಂದು ನೋಡಿ."

ಮನೆಗೆ ಹೋಗಿ ಅವಳು ಇದನ್ನೆಲ್ಲ ಅತ್ತಿಗೆಗೆ ಹೇಳಿದಳು. ಅಣ್ಣ, ಅತ್ತಿಗೆಯ ಜೊತೆಗೇ ಅವಳ ವಾಸ. ಗಂಡು ನೋಡುವ ಪ್ರತಿ ಸಲವೂ ಇವಳು ಏನಾದರೊಂದು ಕೊಂಕು ತೆಗೆಯುತ್ತಿದ್ದರಿಂದ ಅತ್ತಿಗೆ ಈಗೀಗ ಆ ಮಾತನ್ನೇ ಕೈಬಿಟ್ಟಿದ್ದಳು. ಆದರೂ ಅವತ್ತು ಬಟ್ಟೆ ಮಡಚುತ್ತಾ, ಆ ಕಾರಿನವನು ನೋಡಲು ಹೇಗಿದ್ದಾನೆ ಎಂದು ಕೇಳಿದಳು. ಗಮನಿಸಲಿಲ್ಲ ಎಂದಳು ಇವಳು.

ಟೈರಿನ ಗೆರೆ ಗಮನಿಸುವವಳು ಆಳನ್ನು ಗಮನಿಸಲಿಲ್ಲವಂತೆ! ಅತ್ತಿಗೆ ಬಟ್ಟೆಯ ರಾಶಿಯೊಳಗೇ ಮುಖವಿಟ್ಟು ನಕ್ಕಳು.

ಭಾನುವಾರ ಅವಳು ಕ್ಯಾಲಿಪರನ್ನು ಚೀಲದಲ್ಲಿಟ್ಟುಕೊಂಡು ಹೊರಟಳು. ಬಸ್ ಡಿಪೋದ ಹಿಂದಿನ ಓಣಿಯಲ್ಲಿ, ಹಿತ್ತಲಿಗಿಂತ ಅಂಗಳವೇ ದೊಡ್ಡದಾಗಿದ್ದ ಮನೆ. ಅವನಿದ್ದದ್ದು ಸೋದರತ್ತೆಯ ಜೊತೆ. ಅವನ ಕಸುಬು ಕಟ್ಟುಹಲ್ಲು ಮಾಡುವುದು. ದಂತವೈದ್ಯರು ಕಳಿಸುವ ಅಚ್ಚು ನೋಡಿ ಮೇಣದಲ್ಲಿ ಕೆತ್ತಿ ಹಲ್ಲಿನ ಸೆಟ್ ಮಾಡಿಕೊಡುತ್ತಿದ್ದ. ಅದೇ ಮೇಣ, ಅದೇ ಸಣ್ಣ ಉಳಿಗಳಿಂದಲೇ ಕಾರಿನ ಮಾದರಿಯನ್ನೂ ಮಾಡಿದ್ದ.

ಶೆಡ್ಡಿನ ಬಾಗಿಲು ತೆಗೆದ. ಒಳಗೆ ಅದೇ ನೀಲಿ ಕಾರು ನಿಂತಿತ್ತು. ಅವಳು ಸುಮ್ಮನೆ ಅದರ ಸುತ್ತ ಬಂದಳು. ಚಾಲಕನ ಬಾಗಿಲು ಹಿಂತುದಿಯಲ್ಲಿ ಇಳಿದಿತ್ತು. ಮೇಲಿನ ಸಂದು ಅಗಲ, ಕೆಳಗಿನದು ಕಿರಿದು. ಅಳೆಯಬೇಕೆಂದು ಚೀಲಕ್ಕೆ ಕೈ ಹಾಕಿದವಳು ಹಾಗೇ ಕೈ ತೆಗೆದಳು. ಅಳೆಯುವ ಅಗತ್ಯವೇ ಇರಲಿಲ್ಲ.

ಅವನ ಅತ್ತೆ ಜೀವಮಾನವಿಡೀ ಈ ಕಾರಿನಲ್ಲೇ ಡ್ರೈವಿಂಗ್ ಕಲಿಸಿದ್ದರು. ಹತ್ತುವಾಗ ಇಳಿಯುವಾಗ ಕಲಿಯುವವರೆಲ್ಲ ಆ ಬಾಗಿಲಿಗೇ ಜೋತುಬಿದ್ದು ಅದು ಇಳಿದುಹೋಗಿತ್ತು. ಈಚಿನ ವರ್ಷಗಳಲ್ಲಿ ಅವರ ಕಣ್ಣು ಮಂಜಾಗುತ್ತಾ ಬಂದು ಈಗ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕಾರನ್ನು ಮೆಕ್ಯಾನಿಕ್ ಶಾಲೆಯೊಂದಕ್ಕೆ ಕೊಡುವುದೆಂದು ಅವರೇ ತೀರ್ಮಾನಿಸಿದ್ದರು. ಮಕ್ಕಳು ಬಿಚ್ಚಿ ಜೋಡಿಸಿ ಕಲಿಯಲಿ, ಅದು ಇನ್ನೂ ಒಂದಷ್ಟು ಕಾಲ ಪಾಠ ಹೇಳಲಿ ಎಂಬುದು ಅವರ ಮಾತು. ಅದು ಹೋಗುವ ಮುಂಚೆ ಅತ್ತೆಯ ಕೈಗೊಂದು ಕಾರು ಕೊಡಬೇಕು, ಬೆರಳಿನಿಂದ ನೋಡುವಂಥದ್ದು ಎಂದು ಅವನು ಮಾದರಿ ಮಾಡಿದ್ದ. ಕೊಡುವ ಮೊದಲು ತಿಳಿದವರ ಕಣ್ಣಿಗೆ ಬೀಳಲಿ ಎಂದು ಪ್ರದರ್ಶನಕ್ಕೆ ತಂದಿದ್ದ.

*ನಾನು ಅದನ್ನ ಕೆಳಗಿಳಿಸಿದೆ...* ಬಾಗಿಲು ಸರಿಯಾಗಿಯೇ ಇದೆ ಎಂದು ಅವಳು ಒಪ್ಪಿಕೊಂಡಳು.

"ಇವತ್ತು ಕೊಡೋಣ," ಎಂದ ಅವನು. "ನೀವೂ ಇರಿ. ನೀವು ಒಪ್ಪಿದ್ರಲ್ಲ, ಈಗ ನನಗೆ ಧೈರ್ಯ ಬಂತು."

ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತು ಕಾರನ್ನು ಮಡಿಲಿಗೆ ತೆಗೆದುಕೊಂಡರು. ಬೆರಳುಗಳು ಬಾನೆಟ್ಟಿನಿಂದ ಹೊರಟು, ಗಾಜು ದಾಟಿ, ಚಾವಣಿ ಸವರಿ, ಚಾಲಕನ ಬಾಗಿಲಿಗೆ ಬಂದು ನಿಂತವು. ಉಗುರಿನ ತುದಿಯಿಂದ ಸಂದನ್ನು ಮುಟ್ಟಿ ನೋಡಿದರು. ಮುಖ ಅರಳಿತು.

"ನಂದೇ ಬಾಗಿಲು ಕಣೋ ಇದು."

ಇವಳು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಅತ್ತೆ ಆಚೆ ಬದಿಯ ಬಾಗಿಲು ತೆಗೆದು ಕಿರುಬೆರಳನ್ನು ಒಳಗೆ ತೂರಿಸಿದ್ದರು. ಹುಡುಕಿದರು, ಮತ್ತೆ ಹುಡುಕಿದರು. ಆಮೇಲೆ ಕೇಳಿದರು, ನನ್ನ ಬ್ರೇಕೆಲ್ಲಿ?

ಕಲಿಸುವವರ ಕಾಲಿನ ಹತ್ತಿರ ಇರುವ ಎರಡನೇ ಬ್ರೇಕ್! ಕಾರ್ಖಾನೆಯ ನಕ್ಷೆಯಲ್ಲಿ ಅದಿರಲಿಲ್ಲ, ಹಾಗಾಗಿ ಅವಳ ಭೂತಗನ್ನಡಿಗೆ ಸಿಕ್ಕಿರಲಿಲ್ಲ. ಸದಾ ಹಿಂದಿನ ಸೀಟಿನಲ್ಲಿ ಕೂತು ಬೆಳೆದ ಅವನಿಗೂ ಹೊಳೆದಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವಳು ಅವಳು. ತನ್ನ ಕಣ್ಣಿಗೆ ಬೀಳದ ತಪ್ಪೊಂದು ಸಿಕ್ಕಿದ್ದಕ್ಕೆ ಇಷ್ಟು ಹಗುರವಾಗುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಆ ಬ್ರೇಕ್ ಮಾಡಲು ಅಳತೆ ಬೇಕಲ್ಲ? ಮುಂದಿನ ಭಾನುವಾರ ಮತ್ತೆ ಬಂದಳು. ಕಾರಿನೊಳಗೆ ಅಡ್ಡಮಲಗಿ ಪೆಡಲ್ ಅಳೆದಳು. ಧೂಳು ಮೆತ್ತಿದ ಕೂದಲಲ್ಲಿ ಹೊರಬಂದಾಗ ಅವನು ಟವೆಲ್ ಹಿಡಿದು ನಿಂತಿದ್ದ. ಅವನು ಮೇಣ ಕೆತ್ತುವಾಗ ಅವಳು ಪಕ್ಕದಲ್ಲಿ ದೀಪ ಸರಿಪಡಿಸುತ್ತಾ ಕೂತಳು. ಅಕ್ಕಿಕಾಳಿಗಿಂತ ಚಿಕ್ಕ ಪೆಡಲ್ ಅದು. ಕೆತ್ತುವಾಗ ಅವನು ಉಸಿರು ಬಿಗಿಹಿಡಿಯುತ್ತಿದ್ದ, ಜೊತೆಗೆ ಅವಳೂ ಹಿಡಿಯುತ್ತಿದ್ದಳು. ಇಬ್ಬರೂ ಒಟ್ಟಿಗೇ ಉಸಿರು ಬಿಡುತ್ತಿದ್ದರು.

ಪೆಡಲ್ ಮುಗಿಯಿತು. ಆದರೂ ಭಾನುವಾರಗಳು ನಿಲ್ಲಲಿಲ್ಲ. ಟೈರು ತಿದ್ದಬೇಕಿತ್ತು. ಟೈರಾದ ಮೇಲೆ ಕನ್ನಡಿಯ ಕೋನ. ಕನ್ನಡಿಯಾದ ಮೇಲೆ ಇನ್ನೇನೋ. ಸುಳ್ಳು ನೆಪಗಳೆಂದು ಇಬ್ಬರಿಗೂ ಗೊತ್ತಿತ್ತು, ಅತ್ತೆಗಂತೂ ಚೆನ್ನಾಗಿಯೇ ಗೊತ್ತಿತ್ತು.

ಅವಳು ಬಸ್ಸಿನಲ್ಲಿ ಮರಳುವಾಗ ಯೋಚಿಸುತ್ತಿದ್ದಳು. *ಇವರಲ್ಲಿ ಯಾಕೆ ನನಗೆ ಒಂದು ಕೊರತೆಯೂ ಕಾಣಿಸ್ತಿಲ್ಲ?* ಕಾಣಿಸುತ್ತಿರಲಿಲ್ಲ ಎಂದಲ್ಲ. ಅವನು ಮಾತಿನ ನಡುವೆ ಕಳೆದುಹೋಗುತ್ತಿದ್ದ, ಕನ್ನಡಕ ಎಲ್ಲೆಂದರಲ್ಲಿ ಮರೆಯುತ್ತಿದ್ದ. ಅವನ್ನು ತಿದ್ದಬೇಕು ಅನ್ನಿಸುತ್ತಿರಲಿಲ್ಲ, ಅಷ್ಟೇ.

ಹೀಗಿರುವಾಗ ಒಂದು ಶನಿವಾರ ಅವನಿಂದ ಚುಟುಕು ಸಂದೇಶ ಬಂತು. ನಾಳೆ ಬರುವುದು ಬೇಡ, ಅನುಕೂಲವಿಲ್ಲ. ಅವಳು ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ಇವಳಿಗೂ ಬಿಗುಮಾನವಿತ್ತು. ಬೇಡವೆಂದರೆ ಬೇಡ ಎಂದುಕೊಂಡು ಆ ಭಾನುವಾರವಿಡೀ ಅತ್ತಿಗೆಯ ಅಡಿಗೆಮನೆಯ ಡಬ್ಬಿಗಳನ್ನು ಉಜ್ಜಿ ಸಾಲಾಗಿ ಜೋಡಿಸಿದಳು. ಅತ್ತಿಗೆ ನೋಡಿದಳು. ಇನ್ನೆರಡು ಡಬ್ಬಿ ತಂದು ಮುಂದಿಟ್ಟಳು.

ಸೋಮವಾರ ಕಚೇರಿಯ ಮೇಜಿನ ಮೇಲೆ, ಶನಿವಾರವೇ ಅಂಗಡಿಗೆ ಬಂದಿದ್ದ ಪತ್ರಿಕೆಯ ಹೊಸ ಸಂಚಿಕೆ ಬಿದ್ದಿತ್ತು. ನಡುಪುಟದಲ್ಲಿ 'ಈ ವರ್ಷದ ಎಡವಟ್ಟುಗಳು'. ಅದರಲ್ಲಿ ನೀಲಿ ಕಾರಿನ ಬಾಗಿಲಿನ ಚಿತ್ರ, ಕೆಳಗೆ 'ಕುಡಿದು ಮನೆಗೆ ಬಂದ ಬಾಗಿಲು' ಎಂಬ ಅಡಿಬರಹ. ಅದರ ಕೆಳಗೆ ಅವಳ ಅಂಕಣದ ಹೆಸರು!

ಪ್ರದರ್ಶನದ ದಿನ ಅವಳು ಕೊಟ್ಟಿದ್ದ ಟಿಪ್ಪಣಿಯನ್ನು ಸಂಪಾದಕರು ತಾವೇ ತಮಾಷೆಯಾಗಿ ತಿದ್ದಿ ಹಾಕಿದ್ದರು. ಅವಳು ನೇರ ಅವರ ಕೋಣೆಗೆ ಹೋದಳು. ಓದುಗರು ನಗಲಿ ಅಂತ ಹಾಕಿದ್ದು, ಅದಕ್ಕೇನೀಗ ಎಂದರು ಅವರು. ಅವಳು ಕೂಗಾಡಲಿಲ್ಲ. ಆ ಬಾಗಿಲಿನ ಕಥೆಯನ್ನು ಒಂದಿಡೀ ಪುಟ ಬರೆದು ಕೊಡುತ್ತೇನೆ, ಮುಂದಿನ ಸಂಚಿಕೆಯಲ್ಲಿ ಒಂದಕ್ಷರವೂ ಬದಲಾಗದೆ ಬರಬೇಕು, ಇಲ್ಲವಾದರೆ ನನ್ನ ಅಂಕಣಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದಳು. ಸಂಪಾದಕರು ಅವಳ ಮುಖ ನೋಡಿ ತಣ್ಣಗೆ ಒಪ್ಪಿಕೊಂಡರು.

ಮುಂದಿನ ಸಂಚಿಕೆಯವರೆಗೆ ಕಾಯುವ ತಾಳ್ಮೆ ಅವಳಿಗಿರಲಿಲ್ಲ. ಮಧ್ಯಾಹ್ನವೇ ಅವನ ಕೆಲಸದ ಜಾಗಕ್ಕೆ ಹೋದಳು.

ಉದ್ದನೆಯ ಕೋಣೆ. ಗೋಡೆಯ ಹಲಗೆಗಳ ಮೇಲೆ ಪ್ಲಾಸ್ಟರಿನ ದವಡೆಗಳು ಸಾಲು ಸಾಲಾಗಿ ಬಾಯಿ ತೆರೆದು ಕೂತಿದ್ದವು. ಅವನು ಕಿಟಕಿಯ ಪಕ್ಕ ಒಂದು ಹಲ್ಲಿಗೆ ಹೊಳಪು ಕೊಡುತ್ತಿದ್ದ. ಅವಳನ್ನು ಕಂಡು ಯಂತ್ರ ಆರಿಸಿದ. ಕೂರಿ ಅನ್ನಲಿಲ್ಲ.

ಅವಳು ನಿಂತೇ ನಡೆದದ್ದನ್ನೆಲ್ಲ ಹೇಳಿದಳು. ತಾನು ಆ ಪುಟ ನೋಡಿದ್ದೇ ಬೆಳಿಗ್ಗೆ, ಟಿಪ್ಪಣಿ ಮಾತ್ರ ತನ್ನದು, ಆವತ್ತು ತನಗೆ ತಿಳಿದದ್ದು ಅಷ್ಟೇ ಇತ್ತು ಎಂದು.

ಅವನು ಕೈಯಲ್ಲಿದ್ದ ಹಲ್ಲನ್ನು ಮೇಜಿನ ಮೇಲಿಟ್ಟ.

"ಬಾಗಿಲನ್ನ ನೋಡಿ ಯಾರು ನಕ್ಕರೂ ನನಗೇನಿಲ್ಲ," ಎಂದ. "ಅತ್ತೆ ಕೇಳಿದ್ರೆ ಅವರೇ ನಗ್ತಿದ್ರು. ಆದ್ರೆ ನೀವು ಭಾನುವಾರ ಭಾನುವಾರ ಬರ್ತಿದ್ದದ್ದು ಈ ಪುಟಕ್ಕೇನಾ ಅನ್ನಿಸಿಬಿಡ್ತು. ಅದನ್ನ ತಡ್ಕೊಳ್ಳೋಕಾಗಲಿಲ್ಲ."

"ಟೈರು, ಕನ್ನಡಿ ಎಲ್ಲ ಎಂದೋ ಸರಿಯಾಗಿತ್ತು," ಎಂದಳು ಅವಳು. "ನಾನು ಬರ್ತಿದ್ದದ್ದು ನಿಮ್ಮನ್ನ ನೋಡೋಕೆ."

ಹೇಳಿದ ಮೇಲೆ ಎತ್ತ ನೋಡುವುದೆಂದು ಅವಳಿಗೆ ತಿಳಿಯಲಿಲ್ಲ. ಎತ್ತ ನೋಡಿದರೂ ಹಲ್ಲುಗಳೇ. ಅಷ್ಟೂ ದವಡೆಗಳು ತನ್ನನ್ನೇ ನೋಡಿ ನಗುತ್ತಿವೆ ಅನ್ನಿಸಿತು. ಅವನಿಗೂ ಹಾಗೇ ಅನ್ನಿಸಿರಬೇಕು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಅವನು ಕುರ್ಚಿ ಎಳೆದು ಅವಳ ಮುಂದಿಟ್ಟ.

"ಈ ಭಾನುವಾರ ಬರ್ತೀರಲ್ಲ?" ಎಂದ.

ಅದು ಕಾರು ಶಾಲೆಗೆ ಹೋಗುವ ಹಿಂದಿನ ದಿನ. ಅವಳು ಬಂದಾಗ ಅತ್ತೆ ಕಾರನ್ನು ಅಂಗಳಕ್ಕೆ ತರಿಸಿ, ತಮ್ಮ ಸೀಟಿನಲ್ಲಿ ಆಗಲೇ ಕೂತಿದ್ದರು. ಕೊನೆಯ ಸಲ ನೀನೇ ಓಡಿಸು ಎಂದು ಅವಳನ್ನು ಕರೆದರು. ಅವಳು ತಲೆ ತಗ್ಗಿಸಿಕೊಂಡು, ತನಗೆ ಓಡಿಸಲು ಬರುವುದಿಲ್ಲ ಎಂದಳು. ಜಗತ್ತಿನ ಕಾರುಗಳಿಗೆಲ್ಲ ಅಂಕ ಹಾಕುವವಳಿಗೆ ಕಾರು ಓಡಿಸಲು ಬರುವುದಿಲ್ಲ! ಅತ್ತೆಗೆ ಅದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಬೇಕಿರಲಿಲ್ಲ. ಹೊಸ ಶಿಷ್ಯೆ ಸಿಕ್ಕಿದ್ದಳು.

ಕ್ಲಚ್ ಒತ್ತು, ಗೇರ್ ಹಾಕು, ಈಗ ಮೆಲ್ಲಗೆ ಬಿಡು... ಅತ್ತೆ ಎಂಜಿನ್ನಿನ ಸದ್ದಿನಲ್ಲೇ ಎಲ್ಲವನ್ನೂ ಅರಿಯುತ್ತಿದ್ದರು. ಕಾರು ಎರಡು ಸಲ ಗಕ್ಕನೆ ನಿಂತು, ಆಮೇಲೆ ಆಮೆಯ ಹಾಗೆ ಹೊರಟಿತು. ಮುಚ್ಚಿದ ಗೇಟಿನೊಳಗೆ, ಗೋಡೆಯ ಪಕ್ಕದಲ್ಲೇ ಒಂದು ಸುತ್ತು ಬಂತು. ಹಿಂದಿನ ಸೀಟಿನಲ್ಲಿ ಕೂತವನು ಎರಡೂ ಸೀಟುಗಳ ನಡುವೆ ತಲೆ ತೂರಿಸಿಕೊಂಡಿದ್ದ. ಅವನು ನೋಡುತ್ತಿದ್ದದ್ದು ದಾರಿಯನ್ನಲ್ಲ.

"ಚೆನ್ನಾಗಿ ಕಲೀತೀಯ," ಎಂದರು ಅತ್ತೆ, ಕಾರು ನಿಂತ ಮೇಲೆ. "ಇನ್ನು ನನ್ನನ್ನ ಮೇಡಂ ಅನ್ನಬೇಡ. ಅವನ ಹಾಗೆ ಅತ್ತೆ ಅನ್ನು. ಈಗಲೇ ಅಭ್ಯಾಸ ಆದ್ರೆ ಮುಂದೆ ಬದಲಾಯಿಸೋ ಕಷ್ಟ ಇರಲ್ಲ."

ಅವಳ ಕಿವಿಯವರೆಗೂ ಕೆಂಪೇರಿತು. ಅತ್ತೆ ಏನೂ ಆಗದವರಂತೆ ಕೋಲು ಹಿಡಿದು ಇಳಿದು, ಟೀ ಇಡುತ್ತೇನೆ ಎನ್ನುತ್ತಾ ಒಳಗೆ ಹೋದರು.

ಅಂಗಳದಲ್ಲಿ ಇಬ್ಬರೇ ಉಳಿದರು. ಸಂಜೆಯ ಬಿಸಿಲು ಗೋಡೆಯ ಮೇಲೆ ಹರಡಿತ್ತು. ಡಿಪೋದ ಕಡೆಯಿಂದ ಬಸ್ಸೊಂದು ಹೊರಡುವ ಸದ್ದು ಕೇಳಿ ಬಂದು, ದೂರವಾಯಿತು. ಅವನು ಬಂದು ಅವಳೆದುರು ನಿಂತ. ಏನೋ ಹೇಳಲು ಹೊರಟು, ಎಂದಿನಂತೆ ನಡುವೆಯೇ ಕಳೆದುಹೋದ. ಆಮೇಲೆ ಹೇಗೋ ದಾರಿ ಕಂಡುಕೊಂಡ.

"ನನ್ನನ್ನ ಮದುವೆ ಆಗ್ತೀರಾ?"

"ಹಾಗೆ ಕೇಳಿದ್ರೆ ಆಗಲ್ಲ."

ಅವನ ಮುಖ ಬಾಡಿತು. ಅವಳು ಒಂದು ಹೆಜ್ಜೆ ಮುಂದೆ ಬಂದು ಅವನ ಕೈ ಹಿಡಿದುಕೊಂಡಳು.

"ಆಗ್ತೀಯಾ ಅಂತ ಕೇಳು."

ಅವನು ಉಸಿರು ಬಿಗಿಹಿಡಿದ. "ಆಗ್ತೀಯಾ?"

"ಆಗ್ತೀನಿ. ನಡಿ, ಅತ್ತೆ ಕಾಯ್ತಿದ್ದಾರೆ."