ನಿಯಮ ಸಂಖ್ಯೆ 212

ಸೋಮವಾರ ಮಧ್ಯಾಹ್ನ 2.20ಕ್ಕೆ ಆಸ್ಪತ್ರೆಯ ಆಡಳಿತಾಧಿಕಾರಿ ಠಾಣೆಗೆ ಬಂದು ಎರಡು ಪುಟದ ದೂರು ಕೊಟ್ಟರು. ಭಾನುವಾರ ಆಸ್ಪತ್ರೆಯ ಕಂಪ್ಯೂಟರ್ ಜಾಲದ ಹಳೆಯ ಫೈರ್‌ವಾಲ್ ತೆಗೆದು ಹೊಸದನ್ನು ಹಾಕಲಾಗಿತ್ತು. ಸೋಮವಾರ 10.15ಕ್ಕೆ, ಆಪರೇಷನ್ ನಡುವೆ ರಕ್ತ ಬೇಕಾದಾಗ, ರಕ್ತನಿಧಿಯ ಕಂಪ್ಯೂಟರ್ ಪರದೆ ತೆರೆಯಲಿಲ್ಲ. ರಕ್ತ ಬಂದದ್ದು ಐವತ್ತು ನಿಮಿಷ ತಡವಾಗಿ. ರೋಗಿ ಒಬ್ಬ ಬಸ್ ಚಾಲಕಿ; ಅವಳಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಬದಲಾವಣೆ ಮಾಡಿದ ಗುತ್ತಿಗೆ ಇಂಜಿನಿಯರ್ ಹುಡುಗಿ ಬೇಕೆಂದೇ ಹಾಳುಮಾಡಿದ್ದಾಳೆ ಎಂದು ದೂರಿನಲ್ಲಿತ್ತು. 2.55ಕ್ಕೆ ಎಫ್‌ಐಆರ್ ದಾಖಲಾಯಿತು. ಸಂಜೆಯೊಳಗೆ ಅವಳನ್ನು ಬಂಧಿಸಿ ಎಂದು ಮೇಲಿನಿಂದ ಮೂರು ಸಲ ಫೋನ್ ಬಂತು.

ಇನ್‌ಸ್ಪೆಕ್ಟರಿಗೆ ಫೈರ್‌ವಾಲಿನ ತಲೆಬುಡ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನಾಲ್ವರನ್ನು ಕೇಳಿದರು. ನಾಲ್ವರೂ ತಮಗೇ ಅರ್ಥವಾಗದ್ದನ್ನು ಜೋರಾಗಿ ಹೇಳಿ ತಲೆ ಚಿಟ್ಟು ಹಿಡಿಸಿದರು. ಕೊನೆಗೆ ಬಿಡಿಸಿ ಹೇಳಿದವಳು ಆ ಹುಡುಗಿಯೇ.

"ಗೇಟಿನ ಕಾವಲುಗಾರ ಇದ್ದ ಹಾಗೆ ಸಾರ್. ಯಾರನ್ನ ಎಲ್ಲಿಗೆ ಬಿಡಬೇಕು ಅನ್ನೋ ಪಟ್ಟಿ ಅವನ ಹತ್ರ ಇರುತ್ತೆ. ಹಳೇ ಪಟ್ಟಿನ ಹೊಸಬನಿಗೆ ಅರ್ಥ ಆಗೋ ಥರ ಬದಲಾಯಿಸಿ ಕೊಡೋದು ನನ್ನ ಕೆಲಸ."

"ರಕ್ತನಿಧಿ ಹೆಂಗೆ ಬಿಟ್ಟುಹೋಯ್ತು?"

"ನಂಗೆ ಕೊಟ್ಟ ಪಟ್ಟೀಲೇ ಇರಲಿಲ್ಲ. ಹಳೇ ಯಂತ್ರದಲ್ಲಿ 1,412 ನಿಯಮ ಇದೆ. ನಂಗೆ ಬಂದಿದ್ದು 1,411."

"ಮೊದಲೇ ಎಣಿಸಿ ನೋಡಬಾರದಿತ್ತೇನಮ್ಮಾ?"

ಅವಳ ಕಣ್ಣು ತುಂಬಿತು. "ಗೊತ್ತಿರೋರನ್ನ ಒಬ್ಬರನ್ನ ಜೊತೆಗೆ ಕೂರಿಸಿ ಅಂದೆ ಸಾರ್. ಬೇಡ ಅಂದ್ರು."

ಪಟ್ಟಿ ಕೊಟ್ಟವರು ಯಾರೆಂದು ಕೇಳಿದರೆ ಆಡಳಿತಾಧಿಕಾರಿ ಏನಿಲ್ಲವೆಂಬಂತೆ ಕೈ ಬೀಸಿದರು. "ನಮ್ಮ ಹಳೇ ಟೆಕ್ನಿಷಿಯನ್. ಪಟ್ಟಿ ಮೇಷ್ಟ್ರು ಅಂತೀವಿ. ಶನಿವಾರ ಸಂಜೆಯಿಂದ ರಜೆ. ಅವರಿಗೂ ಇದಕ್ಕೂ ಸಂಬಂಧ ಇಲ್ಲ."

ಇದನ್ನು ದೂರು ಕೊಟ್ಟಾಗಲೇ ಹೇಳಲು ಇವರಿಗೇನು ಧಾಡಿ ಎಂದು ಇನ್‌ಸ್ಪೆಕ್ಟರ್ ಹಲ್ಲು ಕಡಿದರು. ಪಾಪದ ಹುಡುಗಿಯ ಮೇಲೆ ಗೂಬೆ ಕೂರಿಸುವುದು ಎಷ್ಟು ಸುಲಭ!

5.10ಕ್ಕೆ ಸರ್ವರ್ ಕೋಣೆಯ ಪಂಚನಾಮೆ ಶುರುವಾಯಿತು. ಮಹಿಳಾ ಕಾನ್‌ಸ್ಟೇಬಲ್ ಕಪಾಟಿನಿಂದ ಹನ್ನೊಂದು ದಪ್ಪ ರಿಜಿಸ್ಟರ್ ಇಳಿಸಿದಳು. ಹನ್ನೊಂದು ವರ್ಷದಲ್ಲಿ ಆದ ಪ್ರತಿ ಬದಲಾವಣೆಯೂ ಅಲ್ಲಿ ಮೇಷ್ಟ್ರ ದುಂಡಗಿನ ಅಕ್ಷರದಲ್ಲಿತ್ತು: ದಿನಾಂಕ, ಸಮಯ, ಸಹಿ. ಮೇಲಧಿಕಾರಿಯ ಸಹಿಗೆಂದು ಬಿಟ್ಟ ಜಾಗ ಮಾತ್ರ ಪ್ರತಿ ಪುಟದಲ್ಲೂ ಖಾಲಿ.

ಕೊನೆಯ ಪುಟ ನೋಡಿ ಅವಳು ತಡವರಿಸಿದಳು. "ಸಾರ್... ಮೇಷ್ಟ್ರೇ ಬರೆದಿಟ್ಟಿದ್ದಾರೆ."

'ಶನಿವಾರ, 4.10. ನಿಯಮ 212, ರಕ್ತನಿಧಿ. ವರ್ಗಾವಣೆಯ ಪಟ್ಟಿಯಿಂದ ತೆಗೆದಿದೆ.' ಕೆಳಗೆ ಸಹಿ.

ತಪ್ಪು ಮಾಡಿದವರು ತಪ್ಪನ್ನೂ ದಾಖಲಿಸಿದ್ದರು. ದಾಖಲಿಸದೆ ಪಟ್ಟಿ ಮುಟ್ಟುವುದು ಅವರ ಕೈಗೆ ಗೊತ್ತೇ ಇರಲಿಲ್ಲ.

ಹುಡುಗಿಗೆ ಮನೆಗೆ ಹೋಗಲು ಹೇಳಿ, ಇನ್‌ಸ್ಪೆಕ್ಟರ್ 6.25ಕ್ಕೆ ಮೇಷ್ಟ್ರ ಮನೆ ತಲುಪಿದರು. ಬಾಗಿಲು ತೆಗೆದ ಹೆಂಡತಿ, "ಬೆಳಿಗ್ಗೆಯಿಂದ ಹೀಗೇ ಕೂತಿದ್ದಾರೆ, ಊಟಾನೂ ಮಾಡಿಲ್ಲ," ಎಂದರು. ಮೇಷ್ಟ್ರು ಕುರ್ಚಿಯಲ್ಲಿದ್ದರು. ಮೊಬೈಲ್ ತೊಡೆಯ ಮೇಲಿತ್ತು.

"ನಿಯಮ 212 ತೆಗೆದಿದ್ದು ನೀವೇನಾ?"

"ನಾನೇ."

"ಯಾಕೆ?"

"ಪಟ್ಟಿ ಸರಿಯಾಗಿ ನೋಡೋಕೆ ಮೂರು ವಾರ ಬೇಕು ಅಂತ ಮೂರು ಸಲ ಬರೆದುಕೊಟ್ಟೆ. ನಿಮಗೆ ವಯಸ್ಸಾಯ್ತು, ಹೆದರಿಕೆ ಜಾಸ್ತಿ ಅಂತ ನಕ್ಕರು. ಬಲವಂತವಾಗಿ ರಜೆ ಹಾಕಿಸಿದ್ರು. ಸೋಮವಾರ ಎಂಟಕ್ಕೆ ಪರೀಕ್ಷೆ ಮಾಡ್ತಾರೆ, ಆಪರೇಷನ್ ಶುರುವಾಗೋದು ಹತ್ತಕ್ಕೆ. ಮಧ್ಯೆ ಎರಡು ಗಂಟೆ ಇದೆ, ರಕ್ತನಿಧಿ ತೆರೀತಿಲ್ಲ ಅಂತ ನಂಗೇ ಫೋನ್ ಮಾಡ್ತಾರೆ, ಎರಡೇ ನಿಮಿಷದಲ್ಲಿ ಹೇಳಿಬಿಡೋಣ ಅಂದ್ಕೊಂಡೆ."

"ಪರೀಕ್ಷೇನೇ ಮಾಡಲಿಲ್ಲ. ಒಬ್ಬ ಹೆಂಗಸು ಅಲ್ಲಿ ಪ್ರಜ್ಞೆ ಇಲ್ಲದೆ ಬಿದ್ದಿದ್ದಾಳೆ."

ಹೆಂಡತಿ ಗೋಡೆಗೆ ಒರಗಿ ಕೂತುಬಿಟ್ಟರು. 6.40ಕ್ಕೆ ಬಂಧನ ದಾಖಲಾಯಿತು. ಮೊಬೈಲನ್ನು ವಶಪಡಿಸಿಕೊಂಡು ನೋಡಿದರೆ, ಇಡೀ ದಿನ ಒಂದೂ ಕರೆ ಬಂದಿರಲಿಲ್ಲ.

ಠಾಣೆಗೆ ಬಂದ ಮೇಲೆ ಇನ್‌ಸ್ಪೆಕ್ಟರ್ ಆಡಳಿತಾಧಿಕಾರಿಗೆ ಫೋನ್ ಮಾಡಿದರು. "10.15ರಿಂದ ಐವತ್ತು ನಿಮಿಷ ಒದ್ದಾಡಿದ್ರಲ್ಲ, ಮೇಷ್ಟ್ರಿಗೆ ಒಂದು ಫೋನ್ ಯಾಕೆ ಮಾಡಲಿಲ್ಲ?"

"ಪಾಪ, ರಜೆಯಲ್ಲಿದ್ದಾರೆ," ಎಂದರು ಆಡಳಿತಾಧಿಕಾರಿ. "ಸುಮ್ಮನೆ ಯಾಕೆ ತೊಂದರೆ ಕೊಡೋದು ಅಂತ ಸಾರ್."