ಉಸ್ತಾ ವಾಥಿಕ್‌ನ ನಾಡಿ

"ಬಾಂಬ್! ಎಲ್ಲಾ ಹಿಂದೆ ಸರೀರಿ!"

ನಿಬ್ರಾಸ್ ಬೆಚ್ಚಿ ತಿರುಗುವಷ್ಟರಲ್ಲಿ ಎತ್ತರದ ಗಂಡಸೊಬ್ಬ ಅವಳ ಮುಕ್ಕಾಲಿಯ ಮೇಲಿದ್ದ ಕಪ್ಪು ಗುಂಡನ್ನು ತಂತಿ ಸಮೇತ ಕಿತ್ತು, ಎದೆಗವಚಿಕೊಂಡು ನದಿಯತ್ತ ಓಡುತ್ತಿದ್ದ.

"ಅಯ್ಯೋ, ಅದು... ನಿಲ್ಲಿ!"

ಅವನು ನಿಲ್ಲಲಿಲ್ಲ. ಬೀಸಿ ಎಸೆದ. ಶತ್ತುಲ್ ಅರಬ್ ನದಿ ಗುಳುಂ ಎಂದು ನುಂಗಿ ಸುಮ್ಮನಾಯಿತು. ಸೇತುವೆ ಕಟ್ಟುತ್ತಿದ್ದ ಕೂಲಿಯವರೆಲ್ಲ ಕಬ್ಬಿಣದ ರಾಶಿಗಳ ಹಿಂದೆ ಬೋರಲು ಬಿದ್ದಿದ್ದರು. ಅವನು ದಡದಲ್ಲೇ ನೆಲಕ್ಕೊರಗಿ, ತಲೆಯ ಮೇಲೆ ಕೈಹೊತ್ತು ಕಾದ.

ಏನೂ ಸಿಡಿಯಲಿಲ್ಲ.

ಸಿಡಿದದ್ದು ನಿಬ್ರಾಸ್!

"ಅದು ಬಿಸಿಲು ಅಳೆಯೋ ಯಂತ್ರ ಕಣ್ರೀ! ನಮ್ಮ ವೈದ್ಯ ಕಾಲೇಜಿಗೆ ಇದ್ದಿದ್ದು ಅದೊಂದೇ!"

"ಬಸ್ರಾದ ಬಿಸಿಲು ಅಳೆಯೋಕೆ ಯಂತ್ರ ಬೇಕಾ ಡಾಕ್ಟ್ರೇ? ಟೋಪಿ ತೆಗೆದು ನಿಂತ್ರೆ ಸಾಕಲ್ಲ!" ಎಂದು ರಾಶಿಯ ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

ಎಸೆದವನು ಮಾತ್ರ ನಗಲಿಲ್ಲ. ಮಣ್ಣು ಕೊಡವಿಕೊಂಡು ಎದ್ದ. ಅವನು ಆ ಕೆಲಸಗಾರರ ಮೇಸ್ತ್ರಿ, ಉಸ್ತಾ ವಾಥಿಕ್.

"ಕಪ್ಪು ಗುಂಡು, ತಂತಿ, ಪಕ್ಕದಲ್ಲಿ ನರಪಿಳ್ಳೆ ಇಲ್ಲ. ಈ ಊರಲ್ಲಿ ಅಂಥದ್ದು ಕಂಡ್ರೆ ನಾನು ಇನ್ನೇನು ಅಂದ್ಕೊಳ್ಲಿ?"

ಮತ್ತೇನೋ ಬಯ್ಯಲು ಬಾಯಿ ತೆರೆದ ನಿಬ್ರಾಸ್ ತಡೆದುಕೊಂಡಳು.

'ಬಾಂಬ್ ಎಂದುಕೊಂಡೇ... ಅದನ್ನು ಎದೆಗವಚಿಕೊಂಡು ಓಡಿದನೇ?'

"ಬಗ್ದಾದಿನಿಂದ ಹೊಸದು ಬರೋವರೆಗೆ ನಾನೇನು ಅಳೀಲಿ?" ಅವಳ ದನಿ ಇಳಿದಿತ್ತು.

"ನನ್ನನ್ನ ಅಳೀರಿ," ಎಂದ ವಾಥಿಕ್. "ತಪ್ಪು ಮಾಡಿದೋನು ನಾನೇ ಅಲ್ವಾ?"

ಬಿಸಿಲಲ್ಲಿ ದುಡಿಯುವವರ ಮೈ ಅಳೆಯುವುದೂ ಅವಳ ಕೆಲಸವೇ. ಅದಕ್ಕೆ ಇಲ್ಲಿಯವರೆಗೆ ಯಾವ ಕೂಲಿಯೂ ಒಪ್ಪಿರಲಿಲ್ಲ. ಉಸ್ತಾ ಒಪ್ಪಿದ ಮೇಲೆ ಎಲ್ಲರೂ ಸಾಲಾಗಿ ಬಂದರು.

ಕೆಲಸಕ್ಕೆ ಮೊದಲು ತೂಕ, ಕೆಲಸದ ನಂತರ ತೂಕ. ಎಷ್ಟು ಬೆವರಾಗಿ ಹೋಯಿತೆಂದು ತಿಳಿಯಲು. ಕಿವಿಯೊಳಗಿನ ಬಿಸಿ. ಕೊನೆಗೆ, ನೆರಳಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ, ನಾಡಿ.

ಸಮುದ್ರದ ಕಡೆಯಿಂದ ಶರ್ಜಿ ಗಾಳಿ ಬೀಸುವ ದಿನಗಳಲ್ಲಿ ಅವಳ ಮುಖ ಗಂಭೀರವಾಗುತ್ತಿತ್ತು. ಆ ಒದ್ದೆ ಗಾಳಿಯಲ್ಲಿ ಬೆವರು ಹರಿಯುತ್ತದೆ, ಆರುವುದಿಲ್ಲ. ಮೈ ತಣಿಯದೆ, ಎಲ್ಲ ಭಾರವೂ ಹೃದಯದ ಮೇಲೆ ಬೀಳುತ್ತದೆ.

ಒಂದು ದಿನ ಒಣನಿಂಬೆಯ ಚಹಾ ಕುಡಿಯುತ್ತಾ ವಾಥಿಕ್ ಕೇಳಿದ, "ತಣ್ಣಗೆ ಆಸ್ಪತ್ರೇಲಿ ಕೂರೋದು ಬಿಟ್ಟು ಈ ಕೆಲಸ ಯಾಕೆ ಡಾಕ್ಟ್ರೇ?"

"ನಮ್ಮಪ್ಪ ಟ್ರಾಫಿಕ್ ಪೊಲೀಸ್. ಬೇಸಿಗೇಲಿ ಮನೆಗೆ ಬಂದ್ರೆ ಯಾರ ಹತ್ರನೂ ಮಾತಿಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿಬಿಡೋರು. ನಮ್ಮ ಮೇಲೆ ಕೋಪ ಅಂತ ಹೆದರ್ತಿದ್ವಿ. ಡಾಕ್ಟರ್ ಆದ್ಮೇಲೆ ಗೊತ್ತಾಯ್ತು... ಅದು ಕೋಪ ಅಲ್ಲ, ಬಿಸಿಲು."

ಅವನು ಲೋಟ ಕೆಳಗಿಟ್ಟ.

"ನಾನೂ ಮನೆಗೆ ಹೋಗಿ ಅಮ್ಮನ ಮೇಲೆ ರೇಗ್ತೀನಿ," ಎಂದ ಮೆಲ್ಲಗೆ. "ಇವತ್ತು ಹೋಗಿ ಹೇಳ್ತೀನಿ, ತಪ್ಪು ಅವಳದ್ದಲ್ಲ ಅಂತ."

ಆ ಸಂಜೆ ಅವನ ಮಣಿಕಟ್ಟು ಹಿಡಿದ ನಿಬ್ರಾಸ್‌ಗೆ ತನ್ನ ಬೆರಳುಗಳೇ ಅಪರಿಚಿತವೆನಿಸಿದವು. ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದಳು. ಅಬ್ಬಾ... ಎಷ್ಟೊಂದು ಓಟ!

ದಿನವೂ ಹಾಗೆಯೇ. ಬೇರೆಯವರ ನಾಡಿ ನೆರಳಿನಲ್ಲಿ ಇಳಿಯುತ್ತಿತ್ತು. ವಾಥಿಕ್‌ನದು ಇಳಿಯುತ್ತಲೇ ಇರಲಿಲ್ಲ.

'ಈ ಹೃದಯಕ್ಕೆ ಏನೋ ಆಗಿದೆ. ಹೀಗೇ ಬಿಟ್ಟರೆ ಇವನು ಒಂದು ದಿನ ಕುಸಿದುಬೀಳುತ್ತಾನೆ!'

ಅವಳ ವರದಿ ಓದಿ ಸೇತುವೆ ಕಟ್ಟಿಸುತ್ತಿದ್ದ ಕಂಪನಿ ಕೊನೆಗೂ ಮಣಿಯಿತು. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಎಲ್ಲರಿಗೂ ಬಿಡುವು! ಕೂಲಿಯವರು ಅವಳಿಗೆ ಖರ್ಜೂರ ತಂದುಕೊಟ್ಟರು. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿತ್ತು. ವಾಥಿಕ್‌ನನ್ನು ಬಿಸಿಲಿಗೆ ಕಳಿಸಬಾರದು. ನೆರಳಿನಲ್ಲಿ ಕೂರಿಸಿ ಕೊಡುವಂಥ ಕೆಲಸ ಕಂಪನಿಯಲ್ಲಿ ಇರಲಿಲ್ಲ. ಇಂಜಿನಿಯರ್ ಫಿರಾಸ್ ಅವನನ್ನು ಮನೆಗೇ ಕಳಿಸಿಬಿಟ್ಟ.

ವಾಥಿಕ್ ಅವಳೆದುರು ಬಂದು ನಿಂತ. ಕಣ್ಣಲ್ಲಿ ಸಿಟ್ಟಿರಲಿಲ್ಲ, ನೋವಿತ್ತು.

"ನನಗೆ ಕಾಯಿಲೆ ಇಲ್ಲ ಡಾಕ್ಟ್ರೇ."

"ಹಾಗಾದ್ರೆ ನಾಡಿ ಯಾಕೆ ಇಳಿಯಲ್ಲ? ಕಾರಣ ಹೇಳಿ, ಈಗಲೇ ತಿದ್ದಿ ಬರೀತೀನಿ."

ಅವನು ಏನೋ ಹೇಳಲು ಹೊರಟ. ಅಷ್ಟರಲ್ಲಿ ಸೇತುವೆಯ ಅಡಿಯ ನೆರಳಿನಲ್ಲಿ ಮಲಗಿದ್ದ ತನ್ನ ಜನರತ್ತ ಕಣ್ಣು ಹೊರಳಿತು. ಬಾಯಿ ಮುಚ್ಚಿದ.

"ಗೊತ್ತಿಲ್ಲ."

ಹೊರಟೇಹೋದ.

'ಎಂಥ ಜಂಬ! ಪ್ರಾಣಕ್ಕಿಂತ ಮೇಸ್ತ್ರಿಗಿರಿ ದೊಡ್ಡದಾಯಿತೇ?' ಎಂದು ಮನಸ್ಸಿನಲ್ಲೇ ಬೈದಳು. ಮನೆಗೆ ಹೋಗಿ, ಯಾಕೆಂದು ತನಗೇ ಹೇಳಿಕೊಳ್ಳಲಾಗದೆ ಅತ್ತಳು.

ತಡೆಯಲಾಗದೆ, ಕಾಲೇಜಿನ ಹಿರಿಯ ನರ್ಸ್ ಉಮ್ ಗೈದಾಳನ್ನು ಅವನ ಮನೆಗೆ ಅಟ್ಟಿದಳು. ಉಮ್ ಗೈದಾ ಹೋದಷ್ಟೇ ಬೇಗ ನಗುತ್ತಾ ಹಿಂತಿರುಗಿದಳು.

"ಕುದುರೆ ಇದ್ದ ಹಾಗಿದಾನೆ ಮಗಳೇ! ಬಿಸಿಲಲ್ಲಿ ತೋಟ ಅಗೀತಿದ್ದ. ಎಳೆದು ತಂದು ಕೂರಿಸ್ದೆ. ನಾಡಿ ಪಾಪ, ಕೂಸು ನಿದ್ದೆಗೆ ಜಾರಿದ ಹಾಗೆ ಇಳೀತು."

"ನಾನು ಹಿಡಿದಾಗ ಮಾತ್ರ..."

"ಅದನ್ನೇ ಕೇಳ್ದೆ. ಡಾಕ್ಟ್ರು ಹಿಡಿದಾಗ ಮಾತ್ರ ಯಾಕಪ್ಪಾ ಓಡತ್ತೆ ಅಂತ. ಕಿವಿ ಕೆಂಪಗಾಯ್ತು ನೋಡು!" ಅವಳ ನಗು ನಿಧಾನಕ್ಕೆ ಮಾಯವಾಯಿತು. "ಆಮೇಲೆ ಕೈ ಮುಗಿಯೋದೊಂದು ಬಾಕಿ. 'ಚಿಕ್ಕಮ್ಮಾ, ಯಾರಿಗೂ ಹೇಳ್ಬೇಡಿ. ಒಂದು ಅಳತೆ ತಪ್ಪು ಅಂತಾದ್ರೆ ಫಿರಾಸ್ ಎಲ್ಲಾ ಅಳತೆನೂ ತಪ್ಪು ಅಂತಾನೆ. ನನ್ನ ಜನ ಮತ್ತೆ ಮಧ್ಯಾಹ್ನದ ಬಿಸಿಲಿಗೆ ಬೀಳ್ತಾರೆ' ಅಂದ."

ನಿಬ್ರಾಸ್ ವರದಿಯ ಪ್ರತಿ ತೆಗೆದು ಅವನ ಹೆಸರಿದ್ದ ಪುಟ ತಿರುಗಿಸಿದಳು.

'ಕೆಲಸ ಹೋದರೂ ಸರಿ, ನನ್ನ ಅಳತೆ ಉಳಿಯಲಿ ಎಂದು ಸುಮ್ಮನಿದ್ದನೇ... ನಾನು ಅವನನ್ನು ಜಂಬಗಾರ ಎಂದೆನಲ್ಲ!'

ಹೊಸ ಯಂತ್ರ ಬಗ್ದಾದಿನಿಂದ ಬಂದ ವಾರ ಶರ್ಜಿ ಜೋರಾಗಿ ಬೀಸುತ್ತಿತ್ತು. ಈ ಸಲ ಪ್ರತಿಯೊಬ್ಬರ ನಾಡಿಯನ್ನೂ ಉಮ್ ಗೈದಾ ಹಿಡಿದಳು. ನಿಬ್ರಾಸ್ ದೂರ ನಿಂತಳು. ಎಲ್ಲ ಮುಗಿದ ಮೇಲೆ ವಾಥಿಕ್‌ನನ್ನೂ ಫಿರಾಸ್‌ನನ್ನೂ ಕೂಲಿಯವರೆದುರು ಕರೆಸಿದಳು.

"ಉಸ್ತಾ ವಾಥಿಕ್ ವಿಷಯದಲ್ಲಿ ನನ್ನ ಅಳತೆ ತಪ್ಪಾಗಿತ್ತು. ಅವರನ್ನ ಕೆಲಸಕ್ಕೆ ವಾಪಸ್ ತಗೊಳ್ಳಿ."

ಫಿರಾಸ್‌ನ ಹುಬ್ಬು ಮೇಲೇರಿತು. "ಓಹೋ! ತಪ್ಪಾಗತ್ತೆ ಅಂತ ನೀವೇ ಒಪ್ಕೊಂಡ್ರಿ. ಹಾಗಾದ್ರೆ ಮಧ್ಯಾಹ್ನದ ಬಿಡುವೂ..."

"ಬಿಡುವು ಹಾಗೇ ಇರುತ್ತೆ. ಬೇರೆ ಕೈಯಿಂದ ಎಲ್ಲರನ್ನೂ ಮತ್ತೆ ಅಳೆಸಿದೀನಿ. ಯಾರದ್ದೂ ಬದಲಾಗಿಲ್ಲ. ಒಬ್ಬರದ್ದು ಬಿಟ್ಟು."

"ಆ ಒಬ್ಬರದ್ದು ಯಾಕೆ ಬದಲಾಯ್ತು?"

ವಾಥಿಕ್ ಬೇಡ ಎಂಬಂತೆ ತಲೆಯಾಡಿಸಿದ.

ನಿಬ್ರಾಸ್ ಅದನ್ನು ನೋಡಿದಳು. 'ಹೇಳಿದರೆ ಸಂಜೆಯೊಳಗೆ ಅಪ್ಪನ ಕಿವಿಗೆ ಬೀಳುತ್ತದೆ. ಬೀದಿಗೆಲ್ಲ ಮಾತಾಗುತ್ತದೆ. ಹೇಳದಿದ್ದರೆ...?'

"ಅವರ ಹೃದಯ ಗಟ್ಟಿಯಾಗಿದೆ. ನಾನು ಕೈ ಹಿಡಿದಾಗ ಮಾತ್ರ ಜೋರಾಗಿ ಬಡಿಯುತ್ತೆ." ಅವಳು ತಲೆ ಎತ್ತಿಯೇ ಹೇಳಿದಳು. "ಅದು ನನಗೆ ಅವತ್ತೇ ಹೊಳೀಬೇಕಿತ್ತು. ಯಾಕಂದ್ರೆ... ಆಗ ನನ್ನದೂ ಹಾಗೇ ಬಡೀತಿತ್ತು."



ಮರುಕ್ಷಣ ಉಮ್ ಗೈದಾ ನಾಲಿಗೆ ಹೊರಳಿಸಿ ಮದುವೆಮನೆಯ ಕೂಗು ಹಾಕಿದಳು! ಕೂಲಿಯವರು ತಗಡು ಬಡಿದರು. ಏನೂ ತೋಚದ ಫಿರಾಸ್ ಬೆವರೊರೆಸಿಕೊಂಡು, "ನಾಳೆಯಿಂದ ಕೆಲಸಕ್ಕೆ ಬಾ ಉಸ್ತಾ," ಎಂದು ನೆರಳಿಗೆ ನಡೆದ.

ಗದ್ದಲ ತಗ್ಗಿದ ಮೇಲೆ ವಾಥಿಕ್ ಅವಳ ಹತ್ತಿರ ಬಂದ.

"ಇಷ್ಟು ಜನರ ಮುಂದೆ ಹೇಳೋದಾ? ನನ್ನ ಜನಕ್ಕೋಸ್ಕರ, ನಿಮ್ಮ ಮರ್ಯಾದೆಗೋಸ್ಕರ ನಾನು ಬಾಯಿ ಮುಚ್ಕೊಂಡಿದ್ದೆ."

"ನೀವು ಕೆಲಸ ಕಳಕೊಂಡು ಸುಮ್ಮನಿದ್ರಿ. ನಾನು ನನ್ನ ಮರ್ಯಾದೆ ಕಾಪಾಡ್ಕೊಂಡು ಸುಮ್ಮನಿರ್ಲಾ?"

ಅವನ ಕಣ್ಣು ತುಂಬಿ ಬಂತು. ಬೆವರೆಂಬಂತೆ ತೋಳಿನಿಂದ ಒರೆಸಿಕೊಂಡ.

"ಅಮ್ಮ ನಿಮ್ಮ ಮನೆಗೆ ಬರ್ಬೇಕು ಅಂತಾಳೆ... ಹೆಣ್ಣು ಕೇಳೋಕೆ. ಯಾವಾಗ ಬರ್ಲಿ?"

"ನಾಳೆನೇ ಬರ್ಲಿ." ನಿಬ್ರಾಸ್ ನಾಚಿ ಬೇರೆಡೆ ನೋಡಿದಳು. "ಆದ್ರೆ ಸಂಜೆ, ಬಿಸಿಲು ಇಳಿದ ಮೇಲೆ."

"ಇದು ಡಾಕ್ಟರ್ ಆಜ್ಞೆನಾ?"

"ಅಲ್ಲ... ಸೊಸೆ ಆಗೋಳ ಕಾಳಜಿ."